ವೈರೋ ಕಾರ್ಡ್‌ಲೆಸ್ಸೋ: ಶಾಂತಳ್ಳಿ ರಸ್ತೆಯ ಒಂದು ಮನೆಯ ಕರೋಕೆ ಪ್ರಕರಣ

"ಮೈಕ್ ಸರಿ ಇಲ್ಲ ಮಾರಾಯ. ನಾನು ಹಾಡಿದ್ದು ನನಗೇ ಆಮೇಲೆ ಕೇಳಿಸ್ತದೆ" ಎಂದು ಭಾವ ಫೋನ್ ಮಾಡಿದ್ದು ಜುಲೈ ತಿಂಗಳ ಒಂದು ಸಂಜೆ. ಹೆಂಚಿನ ಮೇಲೆ ಮಳೆ ಸುರಿಯುವ ಸದ್ದು ಅವರ ಮಾತಿಗಿಂತ ಜೋರಾಗಿತ್ತು.

ನಾನು ಕುಶಾಲನಗರದಲ್ಲಿ ಆಂಪ್ಲಿಫೈಯರ್, ಮಿಕ್ಸರ್, ಮೈಕ್ ರಿಪೇರಿ ಮಾಡುವವನು. ನನ್ನ ಮೇಜಿಗೆ ಬರುವುದೆಲ್ಲ ಮದುವೆ, ಜಾತ್ರೆಯ ಸೌಂಡ್ ಸೆಟ್ಟಿನ ಸಾಮಾನು. ಮನೆ ಕರೋಕೆ ಎಂದರೆ ಅಲ್ಲಿಯವರೆಗೆ ನನಗೆ ಸ್ವಲ್ಪ ತಾತ್ಸಾರವೇ ಇತ್ತು. ಯಾರಾದರೂ ಅಂಗಡಿಗೆ ಬಂದು "ವೈರ್ ಇರೋದು ತಗೊಳ್ಳೋದಾ, ಕಾರ್ಡ್‌ಲೆಸ್ ತಗೊಳ್ಳೋದಾ?" ಎಂದರೆ, ತಲೆ ಎತ್ತದೆ "ವೈರ್" ಎನ್ನುತ್ತಿದ್ದೆ. ಆ ಉತ್ತರ ಅಕ್ಕನ ಮನೆಯಲ್ಲಿ ಅರ್ಧ ಮುರಿದುಬಿತ್ತು. ಹೇಗೆ ಎಂಬುದನ್ನು ಜುಲೈಯಿಂದ ಡಿಸೆಂಬರಿನ ಹುತ್ತರಿ ಹಬ್ಬದವರೆಗೆ ನಡೆದದ್ದೆಲ್ಲ ಸೇರಿಸಿ ಇಲ್ಲಿ ಬರೆಯುತ್ತೇನೆ.

ಮನೆ, ಜನ, ಸಾಮಾನು

ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ಅರೇಬಿಕಾ ಕಾಫಿ ತೋಟದ ಒಳಗಿನ ಹಳೆಯ ಹೆಂಚಿನ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಕೆಂಪು ಗಾರೆಯ ನೆಲ. ಮುಂದೆ ಶೀಟ್ ಹೊದಿಸಿದ ಜಗಲಿ. ನಡುಮನೆ ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಅದರ ಒಂದು ತುದಿಯಲ್ಲಿ ಟೀವಿ, ಇನ್ನೊಂದು ತುದಿಯಲ್ಲಿ ಅಡುಗೆಮನೆಯ ಬಾಗಿಲು. ಈ ಬಾಗಿಲನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಮನೆಯಲ್ಲಿ ಭಾವ, ಅಕ್ಕ, ಪಿಯುಸಿ ಓದುವ ಅಕ್ಕನ ಮಗಳು, ಮತ್ತು ಭಾವನ ಅಮ್ಮ. ಅವರನ್ನು ಮಕ್ಕಳಂತೆ ನಾನೂ ಅಜ್ಜಿ ಎಂದೇ ಕರೆಯುತ್ತೇನೆ. ಎಪ್ಪತ್ತಾರು ವರ್ಷ. ದಾಸರ ಪದಗಳನ್ನು ಶ್ರುತಿ ಬಿಡದೆ ಹಾಡುತ್ತಾರೆ. ಭಾವನಿಗೆ ಹಳೆಯ ಚಿತ್ರಗೀತೆಗಳ ಹುಚ್ಚು. ಅಕ್ಕ ಶಾಲೆಯಲ್ಲಿ ಬಹುಮಾನ ತಂದವಳು, ಮದುವೆಯಾದ ಮೇಲೆ ಯಾರ ಮುಂದೆಯೂ ಹಾಡಿದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಳಿಯ, ಅಂದರೆ ಅಕ್ಕನ ಮಗ, ಯುಗಾದಿಗೆ ಬಂದಾಗ ಎಲ್ಲ ಜೋಡಿಸಿಕೊಟ್ಟು ಹೋಗಿದ್ದ. ಯೂಟ್ಯೂಬ್ ಇರುವ ಟೀವಿ. ಅದರ ಕೆಳಗೆ ಸೌಂಡ್‌ಬಾರ್. ಒಂದು ಕರೋಕೆ ಬಾಕ್ಸ್. ಅದರ ಜೊತೆಗೆ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ನಡೆಯುವ ಎರಡು ಕಾರ್ಡ್‌ಲೆಸ್ ಮೈಕ್. ಟೀವಿಯಿಂದ ಹಾಡು ಬಾಕ್ಸಿಗೆ ಬರುತ್ತದೆ, ಅಲ್ಲಿ ಮೈಕಿನ ದನಿ ಬೆರೆಯುತ್ತದೆ, ಎರಡೂ ಸೇರಿ ಸೌಂಡ್‌ಬಾರಿಗೆ ಹೋಗುತ್ತವೆ. ಗೋಡೆಯ ಮೇಲೆ ವೈರ್ ಕಾಣಬಾರದು ಎಂದು ಈ ಕೊನೆಯ ಹಾದಿಗೆ ಹುಡುಗ ಬೆಂಕಿಪೆಟ್ಟಿಗೆ ಗಾತ್ರದ ಒಂದು ಬ್ಲೂಟೂತ್ ಟ್ರಾನ್ಸ್‌ಮಿಟರ್ ಹಾಕಿದ್ದ. ನೋಡಲು ಅಚ್ಚುಕಟ್ಟು.

ಮೂರು ದೂರು, ಒಂದೇ ಆರೋಪಿ

ಭಾನುವಾರ ಹೋದೆ. ಭಾವ ಆಗಲೇ ತೀರ್ಮಾನಿಸಿಯಾಗಿತ್ತು: ಈ ಮೈಕ್ ಬಿಸಾಕಿ ನಾಲ್ಕು ಸಾವಿರದ ಯುಎಚ್‌ಎಫ್ ಜೋಡಿ, ಅಂದರೆ ಬೇರೆ ರೇಡಿಯೋ ಪಟ್ಟಿಯ ಕಾರ್ಡ್‌ಲೆಸ್ ಮೈಕ್ ತರುವುದು. ನಾನು ಬಂದದ್ದು ಅದಕ್ಕೊಂದು ಮೊಹರು ಒತ್ತಲು.

"ಏನೇನು ತೊಂದರೆ, ಬಿಡಿಸಿ ಹೇಳಿ ಭಾವ" ಎಂದೆ.

"ಬಿಡಿಸೋದೇನು? ಮೈಕೇ ಸರಿ ಇಲ್ಲ."

ಕೇಳುತ್ತ ಹೋದಾಗ ಮೂರು ಬೇರೆ ಬೇರೆ ದೂರು ಹೊರಬಿದ್ದವು. ದನಿ ತಡವಾಗಿ ಬರುತ್ತದೆ. ಹಾಡುವಾಗ ನಡುನಡುವೆ ಕಡಿದುಹೋಗುತ್ತದೆ. ಮತ್ತೆ ಕೆಲವು ಸಲ ಇದ್ದಕ್ಕಿದ್ದಂತೆ ಕೂಗುತ್ತದೆ. ಕೂಗುವುದು ಎಂದರೆ ನಮ್ಮ ಸೌಂಡ್ ಸೆಟ್ಟಿನವರು ಹೌಲಿಂಗ್ ಎನ್ನುವ ಆ ಸೀಟಿ. ಅಜ್ಜಿ ಮೊದಲ ದೂರನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದರು: "ನನ್ನ ಹಿಂದೆ ಯಾರೋ ನನ್ನನ್ನೇ ಅಣಕಿಸ್ತಾ ಹಾಡ್ತಾರೆ ಅನ್ನಿಸ್ತದೆ ಕಣೋ. ತಾಳವೇ ತಪ್ಪಿಹೋಗ್ತದೆ."

ಅಜ್ಜಿಯ ತಪ್ಪಲ್ಲ. ತನ್ನ ದನಿಯೇ ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬಿದ್ದರೆ ಸಾಮಾನ್ಯ ಮಾತೇ ತೊದಲುತ್ತದೆ ಎಂಬುದು 1950ರ ದಶಕದಿಂದ ಗೊತ್ತಿರುವ ವಿಷಯ. ಹಾಡಂತೂ ಕೇಳುವುದೇ ಬೇಡ.

ತಡವಾಗಿ ಬರುವ ದನಿ

ಎಷ್ಟು ತಡ ಎಂದು ಅಳೆಯಲು ದೊಡ್ಡ ಉಪಕರಣ ಬೇಕಿಲ್ಲ. ಮೈಕ್ ಆನ್ ಮಾಡಿ ಪಕ್ಕದಲ್ಲಿ ಫೋನ್ ಇಟ್ಟು, ರೆಕಾರ್ಡಿಂಗ್ ಹಾಕಿ, ಒಂದು ಚಪ್ಪಾಳೆ ತಟ್ಟಬೇಕು. ಫೋನಿಗೆ ಮೊದಲು ನೇರ ಚಪ್ಪಾಳೆ ಕೇಳಿಸುತ್ತದೆ, ಆಮೇಲೆ ಸ್ಪೀಕರಿನಿಂದ ಬಂದ ಚಪ್ಪಾಳೆ. ಆ ರೆಕಾರ್ಡಿಂಗನ್ನು ಯಾವುದಾದರೂ ಆಡಿಯೋ ಎಡಿಟಿಂಗ್ ಆ್ಯಪಿನಲ್ಲಿ ತೆರೆದರೆ ಎರಡು ಮುಳ್ಳುಗಳಂತೆ ಕಾಣುತ್ತವೆ. ನಡುವಿನ ಅಂತರವೇ ತಡ. ಅಕ್ಕನ ಮಗಳಿಗೆ ಈ ಆಟ ಬಹಳ ಹಿಡಿಸಿತು. ಆಮೇಲೆ ಎಲ್ಲ ಅಳತೆ ಅವಳದೇ.

ಇದ್ದದ್ದನ್ನು ಇದ್ದ ಹಾಗೇ ಬಿಟ್ಟು ಅಳೆದಾಗ 230 ಮಿಲಿಸೆಕೆಂಡ್ ಬಂತು. ನಿಮಿಷಕ್ಕೆ ನೂರು ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ 600 ಮಿಲಿಸೆಕೆಂಡ್. ಅಂದರೆ ಭಾವನ ದನಿ ಬಡಿತದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಿಂದೆ ಬೀಳುತ್ತಿತ್ತು.

ಈಗ ಬ್ಲೂಟೂತ್ ಟ್ರಾನ್ಸ್‌ಮಿಟರ್ ಕಿತ್ತು, ಬಾಕ್ಸಿನಿಂದ ಸೌಂಡ್‌ಬಾರಿನ ಆಕ್ಸ್ ತೂತಿಗೆ ನನ್ನ ಚೀಲದಲ್ಲಿದ್ದ ಒಂದು ಸಾಧಾರಣ ಕೇಬಲ್ ಹಾಕಿದೆ. ಮೈಕ್ ಅದೇ ಕಾರ್ಡ್‌ಲೆಸ್. 25 ಮಿಲಿಸೆಕೆಂಡ್.

ಅದಾದ ಮೇಲೆ ಕಾರ್ಡ್‌ಲೆಸ್ ಬದಲು ವೈರ್ ಮೈಕ್ ಚುಚ್ಚಿದೆ. 10 ಮಿಲಿಸೆಕೆಂಡ್. ಈ ಹತ್ತರಲ್ಲೂ ಏಳು ಗಾಳಿಯದೇ ಪಾಲು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಸೌಂಡ್‌ಬಾರ್ ಎರಡೂವರೆ ಮೀಟರ್ ದೂರದಲ್ಲಿತ್ತು.

ಭಾವ ಫೋನಿನ ಪರದೆಯನ್ನೇ ನೋಡುತ್ತಿದ್ದರು. "ಹಾಗಾದ್ರೆ ಮೈಕಿನದ್ದು ಬರೀ ಹದಿನೈದಾ?"

ಹದಿನೈದೇ. ಐದು ಮೀಟರ್ ದೂರದ ಸ್ಪೀಕರಿನಿಂದ ಬಂದಷ್ಟು ತಡ. ಮನೆಯಲ್ಲಿ ಹಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಉಳಿದ ಇನ್ನೂರು ಚಿಲ್ಲರೆ ಪೂರ್ತಿ ಆ ಬೆಂಕಿಪೆಟ್ಟಿಗೆಯದು. ಸಾಮಾನ್ಯ ಬ್ಲೂಟೂತ್ ಶಬ್ದವನ್ನು ಕುಗ್ಗಿಸಿ, ಕಟ್ಟುಕಟ್ಟಾಗಿ ಕಳಿಸಿ, ಆ ತುದಿಯಲ್ಲಿ ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. 150ರಿಂದ 250 ಮಿಲಿಸೆಕೆಂಡ್ ಅದರ ಮಾಮೂಲಿ. ಕಡಿಮೆ ತಡದ ಬ್ಲೂಟೂತ್ ವಿಧಾನಗಳೂ ಇವೆ. ಆದರೆ ಕಳಿಸುವ ಮತ್ತು ಪಡೆಯುವ ಎರಡೂ ತುದಿಗೆ ಆ ವಿದ್ಯೆ ಗೊತ್ತಿರಬೇಕು. ಒಂದಕ್ಕೆ ಗೊತ್ತಿಲ್ಲದಿದ್ದರೆ ಇನ್ನೊಂದೂ ಹಳೆಯ ದಾರಿಗೇ ಇಳಿಯುತ್ತದೆ. ಭಾವ ತರಲು ಹೊರಟಿದ್ದ ಯುಎಚ್‌ಎಫ್ ಜೋಡಿ ತಂದಿದ್ದರೂ 230 ಹೋಗಿ 215 ಆಗುತ್ತಿತ್ತು, ಅಷ್ಟೇ. ನಾಲ್ಕು ಸಾವಿರಕ್ಕೆ ಹದಿನೈದು ಮಿಲಿಸೆಕೆಂಡ್!

ಇಲ್ಲೊಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಅಂಗಡಿಯಲ್ಲಿ ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ, ಮನೆಗೆ ಹೋಗಿ ಮರೆಯುತ್ತಾರೆ. ಕರೋಕೆಯಲ್ಲಿ ಎರಡು ಶಬ್ದಗಳಿವೆ: ಹಿನ್ನೆಲೆಯ ವಾದ್ಯ ಒಂದು, ನಮ್ಮ ದನಿ ಇನ್ನೊಂದು. ವಾದ್ಯ ಬ್ಲೂಟೂತಿನಲ್ಲಿ ತಡವಾಗಿ ಬಂದರೆ ಏನೂ ಮುಳುಗುವುದಿಲ್ಲ, ಏಕೆಂದರೆ ಕಿವಿಗೆ ಬಿದ್ದ ವಾದ್ಯಕ್ಕೆ ತಾನೆ ನಾವು ಹಾಡುವುದು? ಟೀವಿಯ ಮೇಲೆ ಸಾಲು ಒಂದು ಚೂರು ಮೊದಲೇ ಬಣ್ಣ ಬದಲಿಸಬಹುದು, ಕನ್ನಡಕ ಹಾಕಿಕೊಂಡು ಓದುವವರಿಗೆ ಅದು ಅನುಕೂಲವೇ. ತಡವಾಗಬಾರದ್ದು ನಮ್ಮ ದನಿ ಮಾತ್ರ. ಆದ್ದರಿಂದ ಫೋನಿನಿಂದ ಮಿಕ್ಸರಿಗೆ ಬ್ಲೂಟೂತ್ ಇದ್ದರೆ ಇರಲಿ. ಬಾಯಿಯಿಂದ ಹೊರಟು ಸ್ಪೀಕರ್ ಸೇರುವ ಹಾದಿಯಲ್ಲಿ ಮಾತ್ರ ಎಲ್ಲೂ ಇರಬಾರದು.

ಎರಡನೆಯ ದೂರು, ಕಡಿದುಹೋಗುವುದು. ಅದು ನಿಜಕ್ಕೂ ಕಾರ್ಡ್‌ಲೆಸ್ಸಿನದೇ. ಆದರೂ ತಪ್ಪು ಮೈಕಿನದಲ್ಲ, ಜಾಗದ್ದು. ಬಾಕ್ಸನ್ನು ಹುಡುಗ ಟೀವಿಯ ಹಿಂದೆ ಅಡಗಿಸಿದ್ದ, ವೈಫೈ ರೂಟರಿಗೆ ಒತ್ತಿಕೊಂಡಂತೆ. ಎರಡೂ ಅದೇ 2.4 ಗಿಗಾಹರ್ಟ್ಸ್. ಕಿವಿಯ ಪಕ್ಕದಲ್ಲೇ ಒಬ್ಬ ಕಿರುಚುತ್ತಿರುವಾಗ ಹಾಲಿನ ಆ ತುದಿಯವನ ಪಿಸುಮಾತು ಕೇಳಿ ಎಂದ ಹಾಗೆ. ಮೇಲೆ ಟೀವಿಯ ಲೋಹದ ಹಲಗೆ ಅಡ್ಡ. ಈ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ. ನೀರೇ ತುಂಬಿರುವ ಮನುಷ್ಯರ ಮೈ ಅಡ್ಡ ಬಂದರೂ ಸೊರಗುತ್ತದೆ. ನೆಂಟರು ತುಂಬಿದ ದಿನವೇ ಹೆಚ್ಚು ಕಡಿಯುತ್ತಿತ್ತು ಎಂದು ಅಕ್ಕ ಹೇಳಿದ್ದು ಇದಕ್ಕೇ.

ಬಾಕ್ಸನ್ನು ಷೋಕೇಸಿನ ಮೇಲೆ, ಹಾಡುವವರ ತಲೆಗಿಂತ ಎತ್ತರದಲ್ಲಿ ಇಟ್ಟೆವು. ರೂಟರನ್ನು ಎರಡು ಮೀಟರ್ ಆಚೆಗೆ ಸರಿಸಿ, ಟೀವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿದೆವು. ನಡುಮನೆಯೊಳಗೆ ಕಡಿಯುವುದು ನಿಂತಿತು. ಜಗಲಿಗೆ ಹೋದರೆ ಮಾತ್ರ ಆ ಮಣ್ಣಿನ ಗೋಡೆ ಇಂದಿಗೂ ಅಡ್ಡ ಬರುತ್ತದೆ. ಮಳೆಗಾಲದಲ್ಲಿ ಶೀಟಿನ ಕೆಳಗೆ ನಿಂತು ಹಾಡುವವರು ಯಾರೂ ಇಲ್ಲದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆವು.

ಗೂಟಕ್ಕೆ ಕಟ್ಟಿದ ಹಸು

ಕೂಗುವುದರ ಕಾರಣ ಹಳೆಯದು. ಸ್ಪೀಕರಿನ ಶಬ್ದ ಮೈಕಿಗೆ ಹೋಗಿ, ದೊಡ್ಡದಾಗಿ ಸ್ಪೀಕರಿಗೆ ಬಂದು, ಮತ್ತೆ ಮೈಕಿಗೆ ಹೋಗಿ ಸುತ್ತುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸನ್ ಹೆಸರಿನಲ್ಲಿ ಇದನ್ನು ಲಾರ್ಸನ್ ಪರಿಣಾಮ ಎನ್ನುವುದುಂಟು. ಹೆಸರು ಏನಾದರೂ ಇರಲಿ, ಕೆಂಪು ಗಾರೆಯ ನೆಲ, ಬರಿಯ ಗೋಡೆ ಇರುವ ನಡುಮನೆ ಅದಕ್ಕೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ.

ಭಾವ ಹಾಡುವುದನ್ನು ಕುಳಿತು ನೋಡಿದೆ. ಟೀವಿಗೆ ಮುಖ ಮಾಡಿ ನಿಂತಷ್ಟು ಹೊತ್ತು ಏನೂ ಇಲ್ಲ. ಈ ಮೈಕುಗಳು ಕಾರ್ಡಿಯಾಯ್ಡ್ ಜಾತಿಯವು. ಮುಂದಿನಿಂದ ಬರುವುದನ್ನು ಹಿಡಿದು ಬೆನ್ನಿನ ಕಡೆಯಿಂದ ಬರುವುದನ್ನು ಬಹಳ ಮಟ್ಟಿಗೆ ಬಿಡುತ್ತವೆ. ಟೀವಿ ನೋಡುತ್ತ ಹಾಡುವಾಗ ಮೈಕಿನ ಬೆನ್ನು ಸರಿಯಾಗಿ ಸೌಂಡ್‌ಬಾರಿಗೆ ಇರುತ್ತದೆ. ಹಾಡು ಮುಗಿದು ಕೈ ಇಳಿಬಿಟ್ಟ ಕೂಡಲೇ ಮೈಕಿನ ತಲೆ ಸ್ಪೀಕರಿನ ಕಡೆ ತಿರುಗುತ್ತದೆ, ಕೂಗು ಶುರು. ಅಥವಾ ಸಿನೆಮಾದಲ್ಲಿ ನೋಡಿದ ಹಾಗೆ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದರೆ ಹಿಂದಿನ ಕಿಂಡಿಗಳು ಮುಚ್ಚಿಹೋಗಿ, ಕಾರ್ಡಿಯಾಯ್ಡ್ ಹೋಗಿ ಎಲ್ಲ ಕಡೆಯಿಂದಲೂ ಎಳೆಯುವ ಮೈಕ್ ಆಗುತ್ತದೆ. ಭಾವ ಎರಡನ್ನೂ ಮಾಡುತ್ತಿದ್ದರು. ಜೊತೆಗೆ ಹಾಡದ ಎರಡನೆಯ ಮೈಕ್ ಆನ್ ಆಗಿಯೇ ಸೌಂಡ್‌ಬಾರಿನ ಮುಂದಿನ ಟೀಪಾಯಿ ಮೇಲೆ ಮಲಗಿರುತ್ತಿತ್ತು.

ಕಾರ್ಡ್‌ಲೆಸ್ ಹೆಚ್ಚು ಕೂಗುತ್ತದೆ ಎಂಬ ಮಾತಿನ ಗುಟ್ಟು ಇಷ್ಟೇ. ವೈರ್ ಮೈಕ್ ಗೂಟಕ್ಕೆ ಕಟ್ಟಿದ ಹಸು, ಹಗ್ಗ ಇದ್ದಷ್ಟು ದೂರ ಮೇಯುತ್ತದೆ. ಕಾರ್ಡ್‌ಲೆಸ್ ಬಿಟ್ಟ ಹಸು, ಪಕ್ಕದ ತೋಟಕ್ಕೂ ನುಗ್ಗುತ್ತದೆ. ಸ್ಪೀಕರಿನ ಮುಂದೆ ಹೋಗಿ ನಿಲ್ಲುವುದು ಮೈಕಲ್ಲ, ಹಿಡಿದವರು.

ಮಾಡಿದ್ದು ಸಣ್ಣಪುಟ್ಟ ಕೆಲಸ. ಮೈಕ್ ಬಾಯಿಗೆ ಮೂರು ನಾಲ್ಕು ಬೆರಳಿನಷ್ಟು ಹತ್ತಿರ ತಂದು, ವಾಲ್ಯೂಮ್ ಇಳಿಸಿದೆವು. ದೂರ ಅರ್ಧವಾದರೆ ಮೈಕಿಗೆ ಬೀಳುವ ದನಿ 6 ಡೆಸಿಬೆಲ್ ಏರುತ್ತದೆ, ಅಷ್ಟು ವಾಲ್ಯೂಮ್ ಉಳಿತಾಯ. ಹಾಡದ ಮೈಕ್ ಆಫ್. ನೆಲಕ್ಕೊಂದು ಜಮಖಾನ. ಎಕೋ ಗುಂಡಿಯನ್ನು ಅರ್ಧಕ್ಕೆ ತಂದಾಗ ಭಾವ ಮುಖ ಸಣ್ಣ ಮಾಡಿಕೊಂಡರು. "ಎಕೋ ಇಲ್ದಿದ್ರೆ ನನ್ನ ದನಿ ನನ್ನ ದನಿ ಹಾಗೇ ಕೇಳ್ತದಲ್ಲೋ!"

ವೈರ್ ಮೈಕಿಗೂ ಕೇಸು ಬಂತು

ಇಷ್ಟಾದರೂ ಅಜ್ಜಿಗಾಗಿ ಒಂದು ವೈರ್ ಮೈಕ್ ಇಡಲೇಬೇಕು ಎಂದು ನಾನು ಹಟ ಹಿಡಿದೆ. ಕಾರ್ಡ್‌ಲೆಸ್ಸಿನ ಹೊಟ್ಟೆಯಲ್ಲಿ ಬ್ಯಾಟರಿ ಇರುವುದರಿಂದ ಭಾರ ಹೆಚ್ಚು, ಅವರ ಕೈ ನಡುಗುತ್ತದೆ. ಸ್ವಿಚ್ ಎಲ್ಲಿದೆ ಎಂದು ತಡಕಾಡುತ್ತಾರೆ. ಡೈನಮಿಕ್ ವೈರ್ ಮೈಕಿಗೆ ಬ್ಯಾಟರಿಯೇ ಬೇಡ. ತೆಳುವಾದ ಪೊರೆಗೆ ತಾಮ್ರದ ಸುರುಳಿ ಅಂಟಿಸಿ ಆಯಸ್ಕಾಂತದ ನಡುವೆ ಇಟ್ಟಿರುತ್ತಾರೆ. ದನಿಗೆ ಪೊರೆ ಅದುರಿದಾಗ ತಾನೇ ಒಂದೆರಡು ಮಿಲಿವೋಲ್ಟ್ ಹುಟ್ಟುತ್ತದೆ. ವೇದಿಕೆಗಳಲ್ಲಿ ಕಾಣುವ ಶೂರ್ ಎಸ್‌ಎಂ58 ಈ ಜಾತಿಯದೇ. 1966ರಲ್ಲಿ ಬಂದದ್ದು, ಇಂದಿಗೂ ತಯಾರಾಗುತ್ತಿದೆ. ಅದರ ನಕಲಿಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅರ್ಧ ಬೆಲೆಗೆ ಅಸಲಿ ಸಿಕ್ಕಿತು ಎಂದು ಯಾರಾದರೂ ತಂದು ತೋರಿಸಿದರೆ ನಾನು ಮೊದಲು ಜಾಲರಿ ತಿರುಗಿಸಿ ಒಳಗೆ ನೋಡುತ್ತೇನೆ. ನಡುಮನೆಗೆ ಅಷ್ಟು ದುಬಾರಿಯದು ಬೇಕಿಲ್ಲ. ಸ್ಟುಡಿಯೋದವರ ಕಂಡೆನ್ಸರ್ ಮೈಕ್ ಅಂತೂ ಬೇಡವೇ ಬೇಡ. ಅದಕ್ಕೆ ಅಜ್ಜಿಯ ಹಾಡಿನ ಜೊತೆ ಹೆಂಚಿನ ಮಳೆ, ಕುಕ್ಕರಿನ ಸೀಟಿ, ನಾಯಿ, ಎಲ್ಲವೂ ಬೇಕು.

ಆಗಸ್ಟಿನಲ್ಲಿ 1,400 ರೂಪಾಯಿಯ ಒಂದು ಡೈನಮಿಕ್ ಮೈಕ್ ಒಯ್ದೆ. ಜೊತೆಗೆ ಅದರದೇ ಹತ್ತು ಮೀಟರ್ ವೈರ್. ಮೊದಲ ದಿನವೇ ಎರಡು ಅವಮಾನ.

ಒಂದು, ಕಾಫಿ ತಟ್ಟೆ ಹಿಡಿದು ಬಂದ ಅಕ್ಕ ವೈರಿಗೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದಳು. ಬೀಳಲಿಲ್ಲ, ಕಾಫಿ ಜಮಖಾನದ ಮೇಲೆ ಹೋಯಿತು. "ನಿನ್ನ ವೈರ್ ಮೈಕ್ ಬಲು ಚೆನ್ನಾಗಿದೆ" ಎಂದಳು.

ಇನ್ನೊಂದು, ಕರೆಂಟ್ ಹೋಗಿ ಇನ್ವರ್ಟರ್ ಶುರುವಾದ ಕೂಡಲೇ ಸ್ಪೀಕರಿನಲ್ಲಿ ಜೇನುಗೂಡಿನ ಹಾಗೆ ಗುಂಯ್ ಎನ್ನತೊಡಗಿತು. ಕಾರ್ಡ್‌ಲೆಸ್ ಹಾಕಿದರೆ ಗುಂಯ್ ಬಹಳ ಕಡಿಮೆ. ಭಾವ ನಕ್ಕರು. ನಗಲಿ, ಹಕ್ಕಿದೆ.

ತಪ್ಪು ವೈರಿನಲ್ಲಿತ್ತು. ಕಡಿಮೆ ಬೆಲೆಯ ಮೈಕುಗಳ ಜೊತೆ ಬರುವ ವೈರಿನ ಒಂದು ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಕಾಲಿಂಚಿನ ಜಾಕ್ ಇರುತ್ತದೆ. ಮೂರು ಪಿನ್ನಿನ ಸೊಗಸು ಇರುವುದು ಎರಡೂ ತುದಿಯಲ್ಲಿ ಮೂರು ಪಿನ್ ಇದ್ದಾಗ. ಆಗ ದನಿ ಎರಡು ಎಳೆಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಹೋಗುತ್ತದೆ. ಹೊರಗಿನ ಗದ್ದಲ ಮಾತ್ರ ಎರಡಕ್ಕೂ ಒಂದೇ ರೀತಿ ಅಂಟುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಗದ್ದಲ ಕಳೆದುಹೋಗಿ ದನಿ ಉಳಿಯುತ್ತದೆ. ಜಾಕಿಗೆ ಇಳಿಸಿದರೆ ಒಂದು ಎಳೆ ನೆಲಕ್ಕೆ ಸೇರಿಹೋಗುತ್ತದೆ, ಕಳೆಯುವ ಲೆಕ್ಕವೇ ಇಲ್ಲ. ಹತ್ತು ಮೀಟರ್ ವೈರ್ ಆಗ ಒಳ್ಳೆಯ ಆಂಟೆನಾ. ಮೇಲೆ ಆ ಮನೆಯ ಇನ್ವರ್ಟರ್ ಹಳೆಯ ಸ್ಕ್ವೇರ್ ವೇವ್‌ನದು, ಗದ್ದಲದ ಗಣಿ.

ಅಳಿಯನ ಕರೋಕೆ ಬಾಕ್ಸಿನಲ್ಲಿ ಮೂರು ಪಿನ್ನಿನ ತೂತೇ ಇರಲಿಲ್ಲ. ಹೀಗಾಗಿ ಒಂದು ಪುಟ್ಟ ನಾಲ್ಕು ಚಾನೆಲ್ ಮಿಕ್ಸರ್ ಬೇಕಾಯಿತು. ಎಕೋ ಇರುವಂಥದು, ಯುಎಸ್‌ಬಿ 5 ವೋಲ್ಟಿನಲ್ಲಿ ನಡೆಯುವಂಥದು. 5 ವೋಲ್ಟ್ ಏಕೆಂದರೆ, ಕರೆಂಟ್ ಇಲ್ಲದ ರಾತ್ರಿ ಅದನ್ನು ಪವರ್ ಬ್ಯಾಂಕಿಗೆ ಹಾಕಬಹುದು. ಹಾಕಿ ನೋಡಿದಾಗ ಉಳಿದಿದ್ದ ಗುಂಯ್ ಕೂಡ ಕಿವಿಗೆ ಬೀಳದಷ್ಟಕ್ಕೆ ಇಳಿಯಿತು. ಮಿಕ್ಸರಿನಲ್ಲಿ 48 ವೋಲ್ಟ್ ಫ್ಯಾಂಟಮ್ ಎಂಬ ಗುಂಡಿ ಇರುತ್ತದೆ, ಅದು ಕಂಡೆನ್ಸರ್ ಮೈಕಿಗೆ. ಅದರ ಮೇಲೆ ನಾನು ಅಂಟುಪಟ್ಟಿ ಹಚ್ಚಿಬಿಟ್ಟೆ.

ಕಾಲಿಗೆ ಸಿಗುವುದಕ್ಕೆ ಪರಿಹಾರ ಇನ್ನೂ ಸುಲಭ. ಆರು ಮೀಟರ್ ವೈರಿಗೆ ಎರಡೂ ಕಡೆ ಎಕ್ಸ್‌ಎಲ್‌ಆರ್ ಬೆಸುಗೆ ಹಾಕಿ, ಗೋಡೆಯ ಬುಡದಲ್ಲಿ ಹಾಯಿಸಿ, ಅಜ್ಜಿಯ ಕುರ್ಚಿಯ ಪಕ್ಕದ ಸ್ಟ್ಯಾಂಡಿಗೆ ತಂದೆ. ಅಜ್ಜಿ ಓಡಾಡುತ್ತ ಹಾಡುವವರಲ್ಲ. ವೈರ್ ಸುತ್ತುವಾಗ ಮಾತ್ರ ಮೊಣಕೈಗೆ ಹಗ್ಗದ ಹಾಗೆ ಸುತ್ತಬೇಡಿ ಎಂದು ಎಲ್ಲರಿಗೂ ಹೇಳಿದೆ. ನನ್ನಲ್ಲಿಗೆ ಬರುವ ಸತ್ತ ವೈರುಗಳಲ್ಲಿ ಬಹಳಷ್ಟು ಹಾಗೆ ಸುತ್ತಿ ಸುತ್ತಿ ಒಳಗೆ ಎಳೆ ಮುರಿದವು.

ಮಳೆಗಾಲದ ಮಾತೂ ಒಂದಿದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿ, ಪುಸ್ತಕ, ಬೆಲ್ಟು ಎಲ್ಲಕ್ಕೂ ಬೂಸಲು. ಮೈಕಿನ ಜಾಲರಿಯ ಒಳಗಿನ ಸ್ಪಂಜಿಗೆ ಬಿಟ್ಟೀತೆ? ಎಂಜಲು ತಾಗಿದ ಸ್ಪಂಜು ಬೇರೆ. ಜಾಲರಿ ತಿರುಗಿಸಿ ತೆಗೆದು, ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುವುದು ಎರಡೂ ಜಾತಿಗೆ ಒಂದೇ. ಕಾರ್ಡ್‌ಲೆಸ್ಸಿಗೆ ಇನ್ನೊಂದು ಕೆಲಸ ಹೆಚ್ಚು: ಹಾಡಿ ಮುಗಿದ ಮೇಲೆ ಬ್ಯಾಟರಿ ತೆಗೆಯಬೇಕು. ಒಳಗೇ ಬಿಟ್ಟ ಆಲ್ಕಲೈನ್ ಸೆಲ್ ಸೋರಿ, ಸ್ಪ್ರಿಂಗು ಹಸಿರುಗಟ್ಟಿ ಬರುವ ಮೈಕುಗಳು ಪ್ರತಿ ಅಕ್ಟೋಬರಿನಲ್ಲಿ ನನ್ನ ಮೇಜಿನ ಮೇಲೆ ಇರುತ್ತವೆ. ಅಕ್ಕ ಈಗ ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುತ್ತಾಳೆ. ಹಿಂದೆ ಅದು ಚಕ್ಕುಲಿ ಡಬ್ಬಿ.

ಯುಎಚ್‌ಎಫ್ ಬಗ್ಗೆ

ಭಾವನ ಮನಸ್ಸಿನಿಂದ ಆ ನಾಲ್ಕು ಸಾವಿರದ ಜೋಡಿ ಹೋಗಿರಲಿಲ್ಲ. ಮದುವೆ ಸೌಂಡ್ ಸೆಟ್ಟಿನ ಗೆಳೆಯನೊಬ್ಬನಿಂದ ಒಂದು ಅನಲಾಗ್ ಯುಎಚ್‌ಎಫ್ ಮೈಕ್ ಎರವಲು ತಂದು ತೋರಿಸಿದೆ. ಚಪ್ಪಾಳೆ ಪರೀಕ್ಷೆಯಲ್ಲಿ ವೈರಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಅನಲಾಗಿನಲ್ಲಿ ದನಿಯನ್ನು ಅಂಕಿಗಳಾಗಿ ಮಾಡಿ ಮತ್ತೆ ದನಿ ಮಾಡುವ ಕೆಲಸವೇ ಇಲ್ಲ. ಜಗಲಿಯಲ್ಲೂ ಕೇಳಿಸಿತು, 600 ಮೆಗಾಹರ್ಟ್ಸ್ ಸುಮಾರಿನ ಅಲೆ ಅರ್ಧ ಮೀಟರ್ ಉದ್ದ, ಗೋಡೆ ಮತ್ತು ಜನರನ್ನು ಬಳಸಿ ದಾಟುವುದು ಅದಕ್ಕೆ ಸುಲಭ. ದೊಡ್ಡ ಅಂಗಳ, ನೂರು ಜನ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕೊಳ್ಳುವವರು ಅದರ ಕಂಪನಾಂಕ ನೋಡಬೇಕು. 700 ಮೆಗಾಹರ್ಟ್ಸ್ ಪಟ್ಟಿ ನಮ್ಮ ದೇಶದಲ್ಲಿ 2022ರ ಹರಾಜಿನಲ್ಲಿ ಮೊದಲ ಸಲ ಮಾರಾಟವಾಗಿ ಮೊಬೈಲಿಗೆ ಹೋಗಿದೆ, 800 ಮತ್ತು 900ರ ಸುತ್ತ ಮೊದಲಿನಿಂದಲೂ ಮೊಬೈಲಿದೆ. ಆ ಜಾಗದಲ್ಲಿ ಒಂದೇ ಚಾನೆಲ್ಲಿಗೆ ಕಟ್ಟಿಬಿದ್ದ ಅಗ್ಗದ ಮೈಕ್ ಇಂದು ಸರಿಯಿದ್ದು, ಪಕ್ಕದ ಗುಡ್ಡದಲ್ಲಿ ಟವರ್ ಎದ್ದ ದಿನ ಕರಕರ ಎನ್ನಬಹುದು. ಚಾನೆಲ್ ಬದಲಿಸಲು ಬರುವಂಥದ್ದೇ ಬೇಕು.

ಹದಿನೆಂಟು ಅಡಿಯ ಕೋಣೆಗೆ ಇದ್ದ ಕಾರ್ಡ್‌ಲೆಸ್ಸೇ ಸಾಕು ಎಂದು ಭಾವನಿಗೆ ಒಪ್ಪಿಸಲು ಎರಡು ಸಂಜೆ ಬೇಕಾಯಿತು. ಮೈಕ್ 1,400, ನಾನು ಬೆಸೆದ ವೈರಿಗೆ 600, ಸ್ಟ್ಯಾಂಡ್ 700, ಮಿಕ್ಸರ್ 4,500. ಒಟ್ಟು 7,200 ರೂಪಾಯಿ. ಕೂಲಿ ಕೇಳಲಿಲ್ಲ, ಒಂದು ಮೂಟೆ ಕಿತ್ತಳೆ ಬಂತು.

ಅಡುಗೆಮನೆಯ ಬಾಗಿಲು

ಈಗ ನನ್ನ ಉತ್ತರ ಮುರಿದುಬಿದ್ದ ಕಥೆ.

ಸೆಪ್ಟೆಂಬರಿನ ಒಂದು ಭಾನುವಾರ ನೆಂಟರು, ಅಕ್ಕಪಕ್ಕದವರು ಸೇರಿದ್ದರು. ಕಾರ್ಡ್‌ಲೆಸ್ಸಿನ ಸೆಲ್ ತೀರಿಹೋಗಿತ್ತು, ಅಂಗಡಿಗೆ ಹೋಗುವವರಿಲ್ಲ. ವೈರ್ ಮೈಕ್ ಒಂದೇ, ಟೀವಿಯ ಹತ್ತಿರ ಸ್ಟ್ಯಾಂಡಿನಲ್ಲಿ. ದನಿ ಅದ್ಭುತವಾಗಿತ್ತು. ನಾನು ಒಳಗೊಳಗೇ ಬೀಗಿದೆ. ಎರಡು ಗಂಟೆ ಹಾಡು ನಡೆಯಿತು. ಹಾಡಿದವರು ಯಾರು? ಭಾವ, ಅವರ ಇಬ್ಬರು ಗೆಳೆಯರು, ಒಂದೆರಡು ಹಾಡು ಅಜ್ಜಿ. ಅಷ್ಟೇ. ಹೆಂಗಸರೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. "ಬನ್ನಿ ಹಾಡಿ" ಎಂದರೆ ಒಬ್ಬರನ್ನೊಬ್ಬರು ಮುಂದೆ ತಳ್ಳಿ ನಗುತ್ತ ಒಳಗೆ ಹೋದರು. ಆ ಹದಿನೆಂಟು ಅಡಿ ದಾಟಿ ಬಂದು, ಎಲ್ಲರ ಕಣ್ಣಿನ ಮುಂದೆ ಸ್ಟ್ಯಾಂಡಿನ ಎದುರು ನಿಲ್ಲುವುದೆಂದರೆ ಅದು ವೇದಿಕೆ ಹತ್ತಿದ ಹಾಗೇ.

ದುಡಿ ಹಿಡಿದು ನಾಲ್ವರು ಒಟ್ಟಿಗೆ ಹಾಡುವ ಕೊಡವರ ಹಾಡಿಕೆ ನೋಡಿದವರಿಗೆ ಗೊತ್ತು, ಅಲ್ಲಿ ಯಾರೂ ಒಂಟಿಯಾಗಿ ಎದುರು ನಿಲ್ಲುವುದಿಲ್ಲ. ಕರೋಕೆ ಎಂಬ ಜಪಾನೀ ಮಾತಿನಲ್ಲಿ 'ಕರ' ಎಂದರೆ ಖಾಲಿ, 'ಒಕೆ' ಎಂಬುದು ಆರ್ಕೆಸ್ಟ್ರಾ ಎಂಬುದರ ತುಂಡು. ಕೋಬೆ ಊರಿನ ಡೈಸುಕೆ ಇನೊಯೆ 1971ರಲ್ಲಿ ಅದರ ಯಂತ್ರ ಮಾಡಿದ್ದು, ಬಾರಿಗೆ ಬಂದವರು ತಾವೇ ಹಾಡಲಿ ಎಂದು. ಅವರು ಅದಕ್ಕೆ ಪೇಟೆಂಟ್ ಕೂಡ ಮಾಡಿಸಲಿಲ್ಲ. ನಾನು ಮಾತ್ರ ದನಿಯ ಗುಣಮಟ್ಟದ ಹಿಂದೆ ಬಿದ್ದು, ಹಾಡುವವರನ್ನು ಎಣಿಸುವುದನ್ನೇ ಮರೆತಿದ್ದೆ.

ಮುಂದಿನ ವಾರ ರೀಚಾರ್ಜ್ ಆಗುವ ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಮತ್ತು ಚಾರ್ಜರ್ ಒಯ್ದುಕೊಟ್ಟೆ. ಅವು 1.5ರ ಬದಲು 1.2 ವೋಲ್ಟಿನವು. ಆ ಮೈಕ್ ತಕರಾರಿಲ್ಲದೆ ನಡೆಯಿತು. ಎರಡು ಸೆಲ್ ಮೈಕಿನಲ್ಲಿ, ಇನ್ನೆರಡು ಸೆಲ್ ಚಾರ್ಜರಿನಲ್ಲಿ. ಅದರ ಉಸ್ತುವಾರಿ ಅಕ್ಕನ ಮಗಳದು. ಹಾಡುವಾಗ ಒಂದೇ ಕಾರ್ಡ್‌ಲೆಸ್, ಇನ್ನೊಂದು ಡಬ್ಬಿಯಲ್ಲಿ.

ಡಿಸೆಂಬರಿನಲ್ಲಿ ಹುತ್ತರಿ. ಗದ್ದೆಗೆ ಹೋಗಿ ಕದಿರು ಕೊಯ್ದು ತಂದು, ಊಟ ಮುಗಿಯುವಾಗ ಹತ್ತು ಗಂಟೆ. ಅಳಿಯನೂ ಬಂದಿದ್ದ. ಗೋಡೆಯ ಬುಡದ ವೈರ್ ಮತ್ತು ಆಕ್ಸ್ ಕೇಬಲ್ ನೋಡಿ "ಇದೇನು ಮಾಮ, ಎಲ್ಲ ಮತ್ತೆ ವೈರ್ ಮಾಡಿಬಿಟ್ರಾ" ಎಂದ. ತಂಗಿ ಅವನನ್ನು ಕೂರಿಸಿ ಚಪ್ಪಾಳೆಯ ಎರಡು ಮುಳ್ಳು ತೋರಿಸಿದಳು.

ಅಜ್ಜಿ ಕುರ್ಚಿಯಲ್ಲಿ ಕುಳಿತು ವೈರ್ ಮೈಕಿನಲ್ಲಿ ಒಂದು ಪದ ಹಾಡಿದರು. ಆಮೇಲೆ ಭಾವ, ಅವರ ಗೆಳೆಯರು. ಆ ಹೊತ್ತಿಗೆ ಹುಡುಗಿ ಕಾರ್ಡ್‌ಲೆಸ್ ತೆಗೆದುಕೊಂಡು ಹೋಗಿ, ಏನೂ ಹೇಳದೆ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕೈಗೆ ಕೊಟ್ಟು ಬಂದಳು. ಅಕ್ಕನ ಇನ್ನೊಂದು ಕೈಯಲ್ಲಿ ಸೌಟು. ಪಲ್ಲವಿ ಶುರುವಾದಾಗ ಅವಳು ಬಾಗಿಲಿನ ಒಳಗೇ ಇದ್ದಳು, ದನಿ ಮಾತ್ರ ನಡುಮನೆಗೆ ಬಂತು. ಎರಡನೆಯ ಚರಣಕ್ಕೆ ಹೊಸಿಲು ದಾಟಿದಳು. ನಾನು ಮಿಕ್ಸರಿನ ಹತ್ತಿರ ಹೋಗಿ ಅವಳ ಚಾನೆಲ್ಲನ್ನು ಒಂದು ಗೆರೆ ಏರಿಸಿದೆ. ಭಾವ ಎಕೋ ಎಂದು ಸನ್ನೆ ಮಾಡಿದರು, ಬೇಡ ಎಂದು ತಲೆಯಾಡಿಸಿದೆ.